ಬ್ಯಾಟರಿ ಊದಿದ ಐಪಾಡ್ ಟಚ್: ಬಿಚ್ಚಿ, ಸೋಲ್ಡರ್ ಮಾಡಿ, ಮತ್ತೆ ಹಾಡಿಸಿದ್ದು

ಆ್ಯಪಲ್‌ನ ಟಚ್‌ಸ್ಕ್ರೀನ್ ಮ್ಯೂಸಿಕ್ ಪ್ಲೇಯರ್ ಐಪಾಡ್ ಟಚ್ ಒಂದು ಕೆಟ್ಟು ನನ್ನ ಕೈಗೆ ಬಂದಿತ್ತು. ಚಾರ್ಜರ್‌ಗೆ ಹಾಕಿದರೆ ಕಂಪನಿಯ ಗುರುತಾದ ಸೇಬಿನ ಚಿತ್ರ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಆರಿಹೋಗುತ್ತಿತ್ತು, ಮತ್ತೆ ಸೇಬು. ಕೇಬಲ್ ಕಿತ್ತರೆ ಅಷ್ಟೇ, ಜೀವವೇ ಇಲ್ಲ. ಜೊತೆಗೆ ಸ್ಕ್ರೀನಿನ ಒಂದು ಅಂಚು ಚೌಕಟ್ಟಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಹಳೇ ಪ್ಲೇಯರ್‌ನಲ್ಲಿ ಸ್ಕ್ರೀನ್ ಹೀಗೆ ಎದ್ದಿದ್ದರೆ ಅಂಟು ಬಿಟ್ಟಿದೆ ಅಂತ ಸುಮ್ನೆ ಒತ್ತಿ ಕೂರಿಸಲು ಹೋಗಬೇಡಿ. ಒಳಗಿನ ಬ್ಯಾಟರಿಯಲ್ಲಿ ಗ್ಯಾಸ್ ತುಂಬಿ, ಅದು ಊದಿ ಸ್ಕ್ರೀನನ್ನು ತಳ್ಳುತ್ತಿರುವ ಸಾಧ್ಯತೆಯೇ ಜಾಸ್ತಿ.

ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಎ1421 ಅಂತ ಇತ್ತು. ಅಂದರೆ ಐದನೇ ತಲೆಮಾರಿನ ಐಪಾಡ್ ಟಚ್, 2012ರಲ್ಲಿ ಬಂದದ್ದು. ನನ್ನ ಕೈಯಲ್ಲಿದ್ದದ್ದು ನೀಲಿ ಬಣ್ಣದ 32 ಜಿಬಿ. ಬ್ಯಾಟರಿ ತರಿಸುವ ಮೊದಲು ಈ ನಂಬರ್ ನೋಡಲೇಬೇಕು. ನಾಲ್ಕನೆಯದಕ್ಕೆ ಎ1367, ಆರನೆಯದಕ್ಕೆ ಎ1574, ಏಳನೆಯದಕ್ಕೆ ಎ2178. ಐದು ಮತ್ತು ಆರು ಹೊರಗಿನಿಂದ ಹೆಚ್ಚುಕಮ್ಮಿ ಒಂದೇ ತರ ಕಾಣುತ್ತವೆ, ಆದರೆ ಬ್ಯಾಟರಿ ಬೇರೆ. ಐದರದ್ದರ ಸಾಮರ್ಥ್ಯ 1030 ಎಂಎಎಚ್, ಆರರದ್ದು 1043. ಸಂಖ್ಯೆ ಹತ್ತಿರ ಇದೆ ಅಂತ ಒಂದರದ್ದು ಇನ್ನೊಂದಕ್ಕೆ ತರಿಸಿದರೆ ದುಡ್ಡು ದಂಡ. ಹಿಂದೆ ಕೆಳಮೂಲೆಯಲ್ಲಿ ಒತ್ತಿದರೆ ಹೊರಗೆ ಚಿಮ್ಮುವ ದುಂಡಗಿನ ಲೋಹದ ಗುಂಡಿ ಇದ್ದರೆ ಅದು ಐದೇ. ಕೈಗೆ ಕಟ್ಟಿಕೊಳ್ಳುವ ಪಟ್ಟಿಯನ್ನು ಸಿಕ್ಕಿಸಲು ಕೊಟ್ಟ ಗುಂಡಿ ಅದು. ಆರನೆಯದರಲ್ಲಿ ಅದನ್ನು ತೆಗೆದುಬಿಟ್ಟರು.

ಫೋನಿನಲ್ಲೇ ಎಲ್ಲ ಹಾಡೂ ಇರುವಾಗ ಇದನ್ನು ರಿಪೇರಿ ಮಾಡುವುದು ಯಾಕೆ? ನನಗೆ ಕಾರಣ ಸರಳ. 88 ಗ್ರಾಂ ತೂಕ, 6.1 ಮಿ.ಮೀ. ದಪ್ಪ, ಕೆಳಗೆ 3.5 ಮಿ.ಮೀ. ಹೆಡ್‌ಫೋನ್ ಜ್ಯಾಕ್, ನಡುವೆ ಕರೆ ಬಂದು ಹಾಡು ನಿಲ್ಲುವ ಕಾಟ ಇಲ್ಲ. ಇಷ್ಟು ಒಟ್ಟಿಗೆ ಸಿಗುವ ಸಾಮಾನು ಈಗ ಹುಡುಕಿದರೂ ಕಮ್ಮಿ. ಮತ್ತೆ ಇದರ ಸ್ಕ್ರೀನ್ ಇನ್ನೂ ಚೆನ್ನಾಗಿತ್ತು, ಒಂದು ಗೀರೂ ಇರಲಿಲ್ಲ.

ಈ ಸಾಲಿನಲ್ಲಿ ಇದರ ಜಾಗ

ಬಿಚ್ಚುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಳಗೆ ಕಾಣುವುದೆಲ್ಲ ಅರ್ಥವಾಗುವುದು ಆಗಲೇ.

ಮೊದಲ ಐಪಾಡ್ ಟಚ್ ಬಂದದ್ದು 2007ರ ಸೆಪ್ಟೆಂಬರ್‌ನಲ್ಲಿ. 3.5 ಇಂಚಿನ ಸ್ಕ್ರೀನ್, 480x320 ಪಿಕ್ಸೆಲ್, 8 ಮತ್ತು 16 ಜಿಬಿ. ಟಚ್‌ಸ್ಕ್ರೀನ್ ಪ್ಲೇಯರ್ ಅದಕ್ಕಿಂತ ಮೊದಲೂ ಇತ್ತು. ಕೋವಾನ್ ಡಿ2 ಅಂತ ಒಂದಿತ್ತು. 2.5 ಇಂಚಿನ ಸ್ಕ್ರೀನ್, ಪಕ್ಕದಲ್ಲಿ ಎಸ್‌ಡಿ ಕಾರ್ಡ್ ಹಾಕಲು ಜಾಗ. ಅದರದ್ದು ಒತ್ತಿದರೆ ಕೆಲಸ ಮಾಡುವ ರೆಸಿಸ್ಟಿವ್ ಸ್ಕ್ರೀನ್. ಎರಡು ಪದರಗಳು ಒಂದಕ್ಕೊಂದು ತಾಗಿದಾಗ ಮಾತ್ರ ಅದಕ್ಕೆ ಬೆರಳು ಎಲ್ಲಿದೆ ಅಂತ ಗೊತ್ತಾಗುತ್ತದೆ. ಉಗುರಲ್ಲೋ ಕಡ್ಡಿಯಲ್ಲೋ ಒತ್ತಬೇಕು. ಐಪಾಡ್ ಟಚ್‌ನದ್ದು ಕೆಪ್ಯಾಸಿಟಿವ್. ಗಾಜಿನ ಹಿಂದೆ ಹರಡಿದ ವಿದ್ಯುತ್ ಕ್ಷೇತ್ರವನ್ನು ಬೆರಳು ಕದಡಿದರೆ ಸಾಕು, ಒತ್ತುವುದೇ ಬೇಡ. ಪಟ್ಟಿಯನ್ನು ಬೆರಳಲ್ಲಿ ತಳ್ಳಿದರೆ ಜಾರಿಕೊಂಡು ಹೋಗುತ್ತಿತ್ತಲ್ಲ, ಅದು ಸಾಧ್ಯವಾದದ್ದು ಹೀಗೆ.

ಮೊದಲನೆಯದರಲ್ಲಿ ಸ್ಪೀಕರ್ ಇರಲಿಲ್ಲ, ವಾಲ್ಯೂಮ್ ಬಟನ್ನೂ ಇರಲಿಲ್ಲ. ಶಬ್ದ ಏರಿಸಿ ಇಳಿಸುವುದಕ್ಕೂ ಸ್ಕ್ರೀನನ್ನೇ ಮುಟ್ಟಬೇಕಿತ್ತು. ಜೇಬಲ್ಲಿಟ್ಟು ಹಾಡು ಕೇಳುವವರಿಗೆ ಇದೆಂಥಾ ತಲೆನೋವು ಅಂತ ಯೋಚಿಸಿ! 2008ರ ಎರಡನೆಯದರಲ್ಲಿ ಎರಡೂ ಬಂದವು. ಅದೇ ವರ್ಷ ಜುಲೈನಲ್ಲಿ ಆ್ಯಪ್ ಸ್ಟೋರ್ ಶುರುವಾಯಿತು. ಪ್ಲೇಯರ್ ಆಗಿ ಹುಟ್ಟಿದ್ದು ಪುಟ್ಟ ಕಂಪ್ಯೂಟರ್ ಆದದ್ದು ಅಲ್ಲಿಂದ. ಒಂದು ತಮಾಷೆ: ಆಗ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ದುಡ್ಡು ಕೊಡಬೇಕಿತ್ತು. 2008ರ ಜನವರಿಯಲ್ಲಿ ಮೇಲ್, ಮ್ಯಾಪ್ಸ್ ಮುಂತಾದ ಐದು ಆ್ಯಪ್‌ಗಳಿಗೆ ಹಳೇ ಗಿರಾಕಿಗಳು 20 ಡಾಲರ್ ಕೊಟ್ಟರು. ಆ್ಯಪ್ ಸ್ಟೋರ್ ಇರುವ 2.0 ಅಪ್‌ಡೇಟ್‌ಗೆ ಮತ್ತೆ ಸುಮಾರು 10 ಡಾಲರ್. ಅದೇ ಅಪ್‌ಡೇಟ್ ಐಫೋನ್‌ನವರಿಗೆ ಬಿಟ್ಟಿ. 2010ರ ಐಒಎಸ್ 4ರಿಂದ ಈ ವಸೂಲಿ ನಿಂತಿತು.

2010ರ ನಾಲ್ಕನೆಯದು ದೊಡ್ಡ ನೆಗೆತ. ಪಿಕ್ಸೆಲ್ ಕಣ್ಣಿಗೆ ಕಾಣದಷ್ಟು ಸಣ್ಣದಾದ 960x640ರ ರೆಟಿನಾ ಸ್ಕ್ರೀನ್, ಎ4 ಚಿಪ್, ಮುಂದೊಂದು ಹಿಂದೊಂದು ಕ್ಯಾಮೆರಾ. ರಿಪೇರಿ ಮಾಡುವವರಿಗೆ ಕಷ್ಟ ಶುರುವಾದದ್ದೂ ಅದರಿಂದಲೇ. ಅದಕ್ಕಿಂತ ಮೊದಲು ಮೇಲಿನ ಗಾಜು ಬೇರೆ, ಕೆಳಗಿನ ಎಲ್‌ಸಿಡಿ ಬೇರೆ ಇರುತ್ತಿತ್ತು. ಗಾಜು ಒಡೆದರೆ ಗಾಜಷ್ಟೇ ಬದಲಿಸಬಹುದಿತ್ತು. ನಾಲ್ಕರಲ್ಲಿ ಎರಡನ್ನೂ ಅಂಟಿಸಿ ಒಂದೇ ತುಂಡು ಮಾಡಿದರು. ಸ್ಕ್ರೀನ್ ತೆಳ್ಳಗಾಯಿತು, ಚಿತ್ರ ಗಾಜಿಗೆ ಹತ್ತಿರ ಬಂತು. ಬೆರಳಗಲ ಬಿರುಕು ಬಿಟ್ಟರೂ ಇಡೀ ತುಂಡನ್ನೇ ತರಿಸಬೇಕಾಯಿತು.

ಐದನೆಯದರಲ್ಲಿ 4 ಇಂಚಿನ ಸ್ಕ್ರೀನ್, 1136x640 ಪಿಕ್ಸೆಲ್, ಎ5 ಚಿಪ್, 512 ಎಂಬಿ ರ‍್ಯಾಮ್. ಅಗಲವಾದ 30 ಪಿನ್ ಕನೆಕ್ಟರ್ ಹೋಗಿ ಎಂಟು ಪಿನ್ನಿನ ಲೈಟ್ನಿಂಗ್ ಬಂತು. ಹಿಂಬದಿಯ ಹೊಳೆಯುವ ಸ್ಟೀಲ್ ಹೋಗಿ ಬಣ್ಣದ ಅಲ್ಯೂಮಿನಿಯಂ ಬಂತು. ಬೆಳಕಿಗೆ ತಕ್ಕಂತೆ ಸ್ಕ್ರೀನನ್ನು ತಾನಾಗೇ ಮಬ್ಬು ಮಾಡುವ ಸೆನ್ಸರ್ ಇದರಲ್ಲಿ ಇಲ್ಲವೇ ಇಲ್ಲ, ಅದು ನಾಲ್ಕರಲ್ಲಿತ್ತು. ಮೊದಲನೆಯದು 8 ಮಿ.ಮೀ. ದಪ್ಪ ಇದ್ದದ್ದು ಇಲ್ಲಿ 6.1ಕ್ಕೆ ಇಳಿದಿದೆ. ಆ ಸುಮಾರು ಎರಡು ಮಿಲಿಮೀಟರ್‌ಗೆ ಕೊಟ್ಟ ಬೆಲೆ ಏನು ಅನ್ನುವುದು ಸ್ಕ್ರೂಡ್ರೈವರ್ ಹಿಡಿದಾಗ ಗೊತ್ತಾಗುತ್ತದೆ.

ಬಿಚ್ಚುವ ಮೊದಲು

ಬ್ಯಾಟರಿಯ ಮೇಲೆ ಅನುಮಾನ ಇದ್ದರೂ ಮೊದಲು ಚಾರ್ಜಿಂಗ್ ಕಿಂಡಿ ನೋಡಿದೆ. ಜೇಬಿನ ಧೂಳು, ಬಟ್ಟೆಯ ನಾರು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗುವುದಿಲ್ಲ. ಸೂಜಿ ಹಾಕಬಾರದು, ಪಿನ್‌ಗಳು ಶಾರ್ಟ್ ಆದಾವು. ಮರದ ಹಲ್ಲುಕಡ್ಡಿಯನ್ನು ತುದಿಯಲ್ಲಿ ಚಪ್ಪಟೆ ಮಾಡಿಕೊಂಡು ಕೆರೆದರೆ ಸಾಕು. ಹೆಡ್‌ಫೋನ್ ಜ್ಯಾಕ್‌ನಿಂದಲೂ ಒಂದಿಷ್ಟು ಕಸ ಬಂತು. ಒಂದೇ ಕಿವಿಯಲ್ಲಿ ಹಾಡು ಕೇಳುವ ತೊಂದರೆಗೆ ಅರ್ಧಕ್ಕರ್ಧ ಕಾರಣ ಇದೇ ಕಸ.

ಕಿಂಡಿ ಸ್ವಚ್ಛವಾದರೂ ಸೇಬು ಬಂದು ಹೋಗುವುದು ನಿಲ್ಲಲಿಲ್ಲ. ಯುಎಸ್‌ಬಿ ಮೀಟರ್ ನಡುವೆ ಸೇರಿಸಿ ನೋಡಿದರೆ ಕರೆಂಟ್ ಏರುತ್ತಿತ್ತು, ಸೇಬು ಬರುವ ಹೊತ್ತಿಗೆ ಧೊಪ್ಪನೆ ಬೀಳುತ್ತಿತ್ತು. ಒಳಗಿನ ಸರ್ಕ್ಯೂಟ್ ಬೋರ್ಡ್ ಏಳಲು ನೋಡುತ್ತಿದೆ, ಬ್ಯಾಟರಿ ಭಾರ ಹೊರುತ್ತಿಲ್ಲ. ಇನ್ನು ಬಿಚ್ಚುವುದೊಂದೇ ದಾರಿ.

ಇಟ್ಟುಕೊಂಡ ಸಾಮಾನು: ಹೇರ್ ಡ್ರೈಯರ್, ಸಕ್ಷನ್ ಕಪ್, ಗಿಟಾರ್ ಪಿಕ್‌ಗಳು, ಹಳೇ ಪ್ಲಾಸ್ಟಿಕ್ ಕಾರ್ಡ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಚಿಮಟ, ಸೋಲ್ಡರಿಂಗ್ ಐರನ್, ಸೋಲ್ಡರ್ ಸಲೀಸಾಗಿ ಹರಿಯಲು ಹಚ್ಚುವ ಫ್ಲಕ್ಸ್, ಸೋಲ್ಡರ್ ಹೀರುವ ತಾಮ್ರದ ಜಾಲರಿ, ಬಿಸಿ ತಡೆಯುವ ಹಳದಿ ಕ್ಯಾಪ್ಟಾನ್ ಟೇಪ್, ಮಲ್ಟಿಮೀಟರ್. ಇದೆಲ್ಲದರ ಜೊತೆಗೆ ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು. ಊದಿದ ಲಿಥಿಯಂ ಬ್ಯಾಟರಿಗೆ ಲೋಹದ ಚೂಪು ತಾಗಿ ತೂತಾದರೆ ಹೊಗೆ, ಬೆಂಕಿ ಎರಡೂ ಬರುತ್ತವೆ. ಮರಳು ಹತ್ತಿರ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಕಿಟಕಿಯೂ ತೆರೆದಿರಲಿ. ಸಾಮಾನ್ಯವಾಗಿ ಚಾರ್ಜ್ ಕಾಲು ಭಾಗಕ್ಕಿಂತ ಕೆಳಗಿಳಿಸಿ ಬಿಚ್ಚುವುದು ಒಳ್ಳೆಯದು. ಇದು ಆನ್ ಆಗುತ್ತಲೇ ಇರಲಿಲ್ಲವಾದ್ದರಿಂದ ಆ ಮಾತು ಬರಲಿಲ್ಲ.

ಬಿಚ್ಚಿದ್ದು

ಹೊರಗೆ ಎಲ್ಲೂ ಸ್ಕ್ರೂ ಇಲ್ಲ. ಸ್ಕ್ರೀನ್ ಕೂತಿರುವುದು ಪಕ್ಕದ ಕ್ಲಿಪ್‌ಗಳ ಮೇಲೆ ಮತ್ತು ಅಂಟಿನ ಮೇಲೆ. ಹೋಮ್ ಬಟನ್ ಇರುವ ಕೆಳತುದಿಗೆ ಹೇರ್ ಡ್ರೈಯರ್ ಹಿಡಿದೆ. ಕೈಯಲ್ಲಿ ಮುಟ್ಟಿದರೆ ಬಿಸಿ ಅನ್ನಿಸಬೇಕು, ಆದರೆ ಹಿಡಿದುಕೊಳ್ಳಲು ಆಗಬೇಕು. ಅದಕ್ಕಿಂತ ಜಾಸ್ತಿ ಬೇಡ, ಊದಿದ ಬ್ಯಾಟರಿ ಅಡಿಯಲ್ಲೇ ಇದೆ. ಹೋಮ್ ಬಟನ್ ಮೇಲೆ ಸಕ್ಷನ್ ಕಪ್ ಅಂಟಿಸಿ ನಿಧಾನಕ್ಕೆ ಎಳೆದಾಗ ಕೂದಲಗಲ ಸಂದಿ ಬಿಟ್ಟುಕೊಂಡಿತು. ಅಲ್ಲಿ ಒಂದು ಪಿಕ್ ತೂರಿಸಿ ಬದಿಗಳಲ್ಲಿ ಸರಿಸುತ್ತಾ ಹೋದೆ. ಟಕ್ ಟಕ್ ಅಂತ ಕ್ಲಿಪ್‌ಗಳು ಬಿಡುತ್ತಾ ಬಂದವು. ಪಿಕ್ ಒಳಗೆ ಹೋಗಬೇಕಾದದ್ದು ಎರಡು ಮೂರು ಮಿಲಿಮೀಟರ್ ಅಷ್ಟೇ.

ಈಗ ಸ್ಕ್ರೀನನ್ನು ಪುಸ್ತಕದ ಹಾಗೆ ತೆರೆದು ಪಕ್ಕಕ್ಕಿಡಬಹುದು ಅಂದುಕೊಳ್ಳುತ್ತೀರಿ. ಇಲ್ಲ. ಸ್ಕ್ರೀನಿನ ಕೇಬಲ್‌ಗಳು ಹೋಗಿ ಸೇರುವುದು ಬೋರ್ಡಿನ ಅಡಿಬದಿಗೆ. ಬೋರ್ಡನ್ನು ಎತ್ತದೆ ಆ ಕನೆಕ್ಟರ್ ಕೈಗೆ ಸಿಗುವುದಿಲ್ಲ. ಬೋರ್ಡ್ ಎತ್ತಲು ಮಧ್ಯದ ಲೋಹದ ತಟ್ಟೆ ತೆಗೆಯಬೇಕು. ತಟ್ಟೆ ತೆಗೆಯಲು ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಬಿಚ್ಚಬೇಕು, ಅವು ಎಲ್ಲ ಒಂದೇ ಉದ್ದದವಲ್ಲ. ನಾನು ಒಂದು ಕಾಗದದ ಮೇಲೆ ಪ್ಲೇಯರ್‌ನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪಿನಲ್ಲಿ ಅಂಟಿಸಿಟ್ಟೆ. ಅಷ್ಟು ಹೊತ್ತೂ ಸ್ಕ್ರೀನನ್ನು ಒಂದು ಪುಟ್ಟ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದೆ. ಕೇಬಲ್ ಜಗ್ಗಿದರೆ ಮುಗಿಯಿತು ಕಥೆ.

ತಟ್ಟೆ ತೆಗೆದ ಮೇಲೆ ಬ್ಯಾಟರಿ ಕಂಡಿತು. ಚಪ್ಪಟೆ ಇರಬೇಕಾದದ್ದು ಪುಟ್ಟ ದಿಂಬಿನ ಹಾಗೆ ಉಬ್ಬಿತ್ತು. ಬೆಳ್ಳಿ ಬಣ್ಣದ ಚೀಲದ ಅಂಚುಗಳು ಬಿಗಿದು ನಿಂತಿದ್ದವು. ಕವರ್ ಹರಿದಿರಲಿಲ್ಲ, ಸಿಹಿ ಸಿಹಿ ದ್ರಾವಕದ ವಾಸನೆಯೂ ಇರಲಿಲ್ಲ. ವಾಸನೆ ಇದ್ದಿದ್ದರೆ ಅಲ್ಲಿಗೇ ನಿಲ್ಲಿಸಿ ಹೊರಗಿಡುತ್ತಿದ್ದೆ.

ಬೋರ್ಡಿನ ವಿನ್ಯಾಸ ನೋಡಿದರೆ ಮೆಚ್ಚಬೇಕೋ ಬೈಯಬೇಕೋ ತಿಳಿಯುವುದಿಲ್ಲ. ಒಂದಿಷ್ಟೂ ಜಾಗ ಹಾಳಾಗಿಲ್ಲ. ಲೈಟ್ನಿಂಗ್ ಕಿಂಡಿ, ಹೆಡ್‌ಫೋನ್ ಜ್ಯಾಕ್, ಸ್ಪೀಕರ್ ಎಲ್ಲವೂ ಬೋರ್ಡಿಗೆ ಸೋಲ್ಡರ್ ಆಗಿವೆ. ಜ್ಯಾಕ್ ಹಾಳಾದರೆ ಜ್ಯಾಕ್ ಮಾತ್ರ ಎಳೆದು ಹಾಕುವ ಹಾಗಿಲ್ಲ. ಬ್ಯಾಟರಿಯನ್ನು ಸೋಲ್ಡರ್ ಮಾಡುವ ಚಾಳಿ ಮೊದಲ ಐಪಾಡ್ ಟಚ್‌ನಲ್ಲೂ ಇತ್ತು, ಇಲ್ಲಿ ಅದು ಉಳಿದ ಭಾಗಗಳಿಗೂ ಹಬ್ಬಿದೆ. ಕನೆಕ್ಟರ್‌ಗಳು ಜಾಗ ತಿನ್ನುತ್ತವೆ, ಅದು ನಿಜ. ಆದರೆ ವರ್ಷ ಕಳೆದಂತೆ ಸವೆದೇ ಸವೆಯುವ ಬ್ಯಾಟರಿಗಾದರೂ ಒಂದು ಕನೆಕ್ಟರ್ ಇಡಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಸೋಲ್ಡರಿಂಗ್

ಬ್ಯಾಟರಿಯಿಂದ ಬೋರ್ಡಿಗೆ ಮೂರು ಕಡೆ ಬೆಸುಗೆ. ಪ್ಲಸ್, ಮೈನಸ್, ಮತ್ತೆ ಬ್ಯಾಟರಿಯ ಸ್ಥಿತಿಯನ್ನು ಬೋರ್ಡಿಗೆ ತಿಳಿಸುವ ಇನ್ನೊಂದು. ಬಿಚ್ಚುವ ಮೊದಲೇ ಫೋಟೋ ತೆಗೆದು, ಯಾವುದು ಎಲ್ಲಿ ಅಂತ ಗುರುತು ಮಾಡಿದೆ.

ಇಲ್ಲಿ ಗಮನ ಇಡಬೇಕಾದದ್ದು ಎರಡು. ಒಂದು, ಬ್ಯಾಟರಿಯಲ್ಲಿ ಕರೆಂಟ್ ಇರುವಾಗಲೇ ಕೆಲಸ ಮಾಡುತ್ತಿದ್ದೀರಿ. ಐರನ್ನಿನ ತುದಿ ಒಟ್ಟಿಗೆ ಎರಡು ಪ್ಯಾಡ್ (ಬೆಸುಗೆ ಕೂರುವ ಲೋಹದ ಚುಕ್ಕೆ) ಮುಟ್ಟಿದರೆ ಶಾರ್ಟ್. ಅದಕ್ಕೇ ಮೂರರಲ್ಲಿ ಎರಡನ್ನು ಕ್ಯಾಪ್ಟಾನ್ ಟೇಪಿನಿಂದ ಮುಚ್ಚಿ ಒಂದೊಂದನ್ನೇ ಬಿಡಿಸಿದೆ. ಬಿಟ್ಟುಬಂದ ತುದಿಗೆ ತಕ್ಷಣ ಟೇಪ್ ಸುತ್ತಿದೆ. ಎರಡು, ಮೈನಸ್ ಪ್ಯಾಡ್ ಬೋರ್ಡಿನೊಳಗಿನ ದೊಡ್ಡ ತಾಮ್ರದ ಪದರಕ್ಕೆ ಸೇರಿರುತ್ತದೆ. ಐರನ್ನಿನ ಬಿಸಿಯನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಸೂಜಿಮೊನೆಯ ತುದಿ ಹಿಡಿದುಕೊಂಡು ಅಲ್ಲಿ ಎಷ್ಟು ಹೊತ್ತು ಒತ್ತಿದರೂ ಸೋಲ್ಡರ್ ಕರಗುವುದಿಲ್ಲ, ಕೊನೆಗೆ ಪ್ಯಾಡೇ ಕಿತ್ತು ಬರುತ್ತದೆ. ಉಳಿಯಂಥ ಚಪ್ಪಟೆ ತುದಿ ಹಾಕಿ, 350 ಡಿಗ್ರಿ ಇಟ್ಟು, ಒಂದು ಹನಿ ಫ್ಲಕ್ಸ್ ಬಿಟ್ಟು, ಹೊಸ ಸೋಲ್ಡರ್ ಸ್ವಲ್ಪ ಸೇರಿಸಿದೆ. ಹೊಸದು ಬೆರೆತ ಕೂಡಲೇ ಹಳೆಯದೂ ಹೊಳೆಯುತ್ತಾ ಕರಗಿತು. ಆ ಹೊಳಪು ಕಂಡ ಕ್ಷಣಕ್ಕೆ ಚಿಮಟದಿಂದ ಎತ್ತಬೇಕು.

ಬ್ಯಾಟರಿಯನ್ನು ಹಿಂಬದಿಯ ಕವಚಕ್ಕೆ ಗಟ್ಟಿಯಾಗಿ ಅಂಟಿಸಿದ್ದರು. ಹೊರಗಿನಿಂದ ಅಲ್ಯೂಮಿನಿಯಂಗೆ ಸ್ವಲ್ಪ ಬಿಸಿ ಕೊಟ್ಟು, ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಕವಚಕ್ಕೆ ಒತ್ತಿ ಹಿಡಿದು ನೂಕಿದೆ. ಬ್ಯಾಟರಿ ಬಾಗಬಾರದು, ಅದೇ ಮುಖ್ಯ. ಇಲ್ಲಿ ಅವಸರ ಮಾಡಿದವರ ಕಥೆಗಳನ್ನು ನೀವೂ ಓದಿರುತ್ತೀರಿ. ಎದ್ದು ಬಂದ ಕೂಡಲೇ ಮರಳಿನ ಬಕೆಟ್ಟಿಗೆ ಹೋಯಿತು.

ಹೊಸ ಬ್ಯಾಟರಿಯನ್ನು ಮೊದಲು ಮೀಟರ್‌ನಲ್ಲಿ ಅಳೆದೆ: 3.8 ವೋಲ್ಟ್. ತುಂಬಿದ ಲಿಥಿಯಂ ಬ್ಯಾಟರಿ 4.2 ವೋಲ್ಟ್ ಹತ್ತಿರ ಇರುತ್ತದೆ, ಗೋದಾಮಿನಲ್ಲಿಡುವಾಗ ಅರ್ಧ ತುಂಬಿಸಿರುತ್ತಾರೆ. 3 ವೋಲ್ಟ್‌ಗಿಂತ ಕೆಳಗೆ ತೋರಿಸಿದ್ದರೆ ವಾಪಸ್ ಕಳಿಸುತ್ತಿದ್ದೆ. ಪ್ಯಾಡ್‌ಗಳನ್ನು ಜಾಲರಿಯಿಂದ ಒರೆಸಿ, ತೆಳ್ಳಗೆ ಸೋಲ್ಡರ್ ಬಳಿದು, ಮೊದಲು ಮೈನಸ್, ಆಮೇಲೆ ಮೂರನೆಯದು, ಕೊನೆಗೆ ಪ್ಲಸ್ ಸೇರಿಸಿದೆ. ಮುಚ್ಚುವ ಮೊದಲೇ ಸ್ಕ್ರೀನ್ ಕೇಬಲ್ ಸಿಕ್ಕಿಸಿ ಪವರ್ ಬಟನ್ ಒತ್ತಿದೆ. ಸೇಬು ಬಂತು, ಈ ಸಲ ಆರಲಿಲ್ಲ. ಟಚ್, ಎರಡೂ ಕ್ಯಾಮೆರಾ, ಸ್ಪೀಕರ್, ಜ್ಯಾಕ್, ವಾಲ್ಯೂಮ್ ಎಲ್ಲ ಒಂದೊಂದಾಗಿ ನೋಡಿ ಆಮೇಲಷ್ಟೇ ಅಂಟಿನ ಪಟ್ಟಿ ಹಾಕಿದೆ.

1970ಕ್ಕೆ ಹೋದ ಗಡಿಯಾರ

ಬ್ಯಾಟರಿ ಪೂರ್ತಿ ತೆಗೆದಿದ್ದರಿಂದ ದಿನಾಂಕ 1970ರ ಜನವರಿ 1ಕ್ಕೆ ಹೋಗಿತ್ತು. ಈ ಸಾಧನ ಕಾಲ ಎಣಿಸುವುದೇ ಆ ದಿನದಿಂದ, ಸೆಕೆಂಡ್ ಲೆಕ್ಕದಲ್ಲಿ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣ ಯಾವುದೂ ತೆರೆಯುವುದಿಲ್ಲ, ಆದ್ದರಿಂದ ಮೊದಲು ಅದನ್ನು ಸರಿ ಮಾಡಬೇಕು. 2016ರ ಆರಂಭದಲ್ಲಿ ಇದೇ 1970ರ ಗಲಾಟೆ ನೆನಪಿದೆಯಾ? ದಿನಾಂಕವನ್ನು ಕೈಯಾರೆ ಅಲ್ಲಿಗೆ ಹಿಂದೆ ಸರಿಸಿದರೆ 64 ಬಿಟ್ ಐಫೋನ್‌ಗಳು ಆನ್ ಆಗುತ್ತಲೇ ಇರಲಿಲ್ಲ. ಐಒಎಸ್ 9.3ರಲ್ಲಿ ಅದನ್ನು ಸರಿಮಾಡಿದರು. ಐದನೇ ಐಪಾಡ್ ಟಚ್‌ನ ಎ5 ಚಿಪ್ 32 ಬಿಟ್, ಹಾಗಾಗಿ ಅದಕ್ಕೆ ಆ ಭಯ ಇರಲಿಲ್ಲ.

ಕಂಪ್ಯೂಟರ್‌ಗೆ ಸೇರಿಸಿ ಪೂರ್ತಿ ರಿಸ್ಟೋರ್ ಮಾಡಿದೆ, ಅಂದರೆ ಎಲ್ಲ ಅಳಿಸಿ ಸಾಫ್ಟ್‌ವೇರ್ ಹೊಸದಾಗಿ ಹಾಕಿದೆ. ಇದಕ್ಕೆ ಸಿಗುವ ಕೊನೆಯ ಐಒಎಸ್ 9.3.5, 2016ರ ಆಗಸ್ಟ್‌ನದ್ದು. ಪೆಗಾಸಸ್ ಅನ್ನುವ ಬೇಹುಗಾರಿಕೆ ಸಾಫ್ಟ್‌ವೇರ್ ಬಳಸಿಕೊಂಡಿದ್ದ ತೂತುಗಳನ್ನು ಮುಚ್ಚಲು ಬಿಟ್ಟ ಅಪ್‌ಡೇಟ್ ಅದು. ಈ ಪ್ಲೇಯರ್ ಹುಟ್ಟಿದ್ದು ಐಒಎಸ್ 6ರ ಜೊತೆ. 512 ಎಂಬಿಯಲ್ಲಿ 9 ಏದುಸಿರು ಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪಾರದರ್ಶಕತೆ ಮತ್ತು ಚಲನೆ ಕಮ್ಮಿ ಮಾಡುವ ಎರಡು ಆಯ್ಕೆ ಹಾಕಿದರೆ ಸ್ವಲ್ಪ ಚುರುಕಾಗುತ್ತದೆ.

ಇಂಟರ್ನೆಟ್ ಆಸೆ ಬಿಡಿ. ದಿನಾಂಕ ಸರಿ ಇದ್ದರೂ ಸಫಾರಿಯಲ್ಲಿ ಎಷ್ಟೋ ತಾಣಗಳು ಎಚ್ಚರಿಕೆ ತೋರಿಸಿ ನಿಲ್ಲುತ್ತವೆ. ತಾಣ ಅಸಲಿ ಅಂತ ಹೇಳುವ ಪ್ರಮಾಣಪತ್ರಗಳನ್ನು ಬಿಟ್ಟಿಯಾಗಿ ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್. ಅದರ ಪ್ರಮಾಣಪತ್ರಗಳು ಹಳೇ ಸಾಧನಗಳಲ್ಲಿ ನೆಚ್ಚಿಕೊಂಡಿದ್ದ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೊಸ ಮೂಲ ಪ್ರಮಾಣಪತ್ರ ಐಒಎಸ್ 10ರಿಂದ ಈಚೆಗಿನವುಗಳಲ್ಲಿ ಮಾತ್ರ ಇದೆ. ಆ್ಯಪ್‌ಗಳ ಕಥೆಯೂ ಅಷ್ಟೇ. ಹಿಂದೆ ಅದೇ ಐಡಿಯಲ್ಲಿ ತೆಗೆದುಕೊಂಡದ್ದಾದರೆ ಕೆಲವದರ ಹಳೇ ಆವೃತ್ತಿ ಸಿಗುತ್ತದೆ, ಹೊಸದಾಗಿ ಹುಡುಕಿದರೆ ಬಹುಪಾಲು ಇಲ್ಲ. ನನಗೆ ಇದರಿಂದ ಬೇಜಾರಿಲ್ಲ. ವೈಫೈ ಆರಿಸಿ ಏರ್‌ಪ್ಲೇನ್ ಮೋಡ್ ಹಾಕಿಟ್ಟರೆ ಇದು ಮತ್ತೆ ಬರೀ ಪ್ಲೇಯರ್.

ಹಾಡು ತುಂಬುವುದು ಕೇಬಲ್ ಮೂಲಕ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಈಚೆಗೆ ಫೈಂಡರ್‌ನಲ್ಲೇ ಸಿಂಕ್ ಇದೆ, ವಿಂಡೋಸ್‌ನಲ್ಲಿ ಐಟ್ಯೂನ್ಸ್. ನನ್ನ ಸಂಗ್ರಹ ಹೆಚ್ಚಿನದು ಫ್ಲ್ಯಾಕ್ ಅನ್ನುವ, ಗುಣಮಟ್ಟ ಕಳೆಯದ ಫೈಲ್ ರೂಪದಲ್ಲಿದೆ, ಇದರ ಮ್ಯೂಸಿಕ್ ಆ್ಯಪ್ ಅದನ್ನು ಮುಟ್ಟುವುದಿಲ್ಲ. ಎಫ್ಎಫ್ಎಂಪೆಗ್ ಅನ್ನುವ ಫೈಲ್ ಬದಲಿಸುವ ಸಾಫ್ಟ್‌ವೇರ್‌ನಿಂದ ಅಂಥದ್ದೇ ಆ್ಯಪಲ್ ಲಾಸ್‌ಲೆಸ್ ರೂಪಕ್ಕೆ ಬದಲಿಸಿಕೊಂಡರೆ ಗುಣಮಟ್ಟ ಒಂದಿಷ್ಟೂ ಹೋಗುವುದಿಲ್ಲ. 96 ಕಿಲೋಹರ್ಟ್ಸ್‌ನಲ್ಲಿ ಧ್ವನಿ ದಾಖಲಾದ ಫೈಲ್‌ಗಳನ್ನು 48ಕ್ಕೆ ಇಳಿಸಿಕೊಳ್ಳಿ. ಆದರೆ ಲಾಸ್‌ಲೆಸ್‌ನಲ್ಲಿ ನಾಲ್ಕು ನಿಮಿಷದ ಹಾಡು 25ರಿಂದ 30 ಎಂಬಿ ತಿನ್ನುತ್ತದೆ, ಸ್ವಲ್ಪ ಗುಣಮಟ್ಟ ಬಿಟ್ಟು ಫೈಲ್ ಸಣ್ಣದು ಮಾಡುವ 256 ಕೆಬಿಪಿಎಸ್ ಎಎಸಿಯಲ್ಲಿ ಎಂಟು ಎಂಬಿಗೂ ಕಮ್ಮಿ. 32 ಜಿಬಿಯಲ್ಲಿ ನಿಜಕ್ಕೂ ಕೈಗೆ ಸಿಗುವುದು 27ರ ಆಸುಪಾಸು. ಸಾವಿರ ಹಾಡು ಸಾಕೋ ಮೂರೂವರೆ ಸಾವಿರ ಬೇಕೋ ನೀವೇ ಲೆಕ್ಕ ಹಾಕಿ. ನಾನು ಎಎಸಿಗೆ ಹೋದೆ. ಸಿಂಕ್ ಪುಟದಲ್ಲೇ ಹಾಡುಗಳನ್ನು 256ಕ್ಕೆ ಇಳಿಸಿ ಕಳಿಸುವ ಆಯ್ಕೆ ಇದೆ, ಕಂಪ್ಯೂಟರ್‌ನಲ್ಲಿರುವ ಮೂಲ ಫೈಲ್ ಹಾಗೇ ಇರುತ್ತದೆ.

ಸ್ಕ್ರೀನ್ ಆರಿಸಿ, ವೈಫೈ ಇಲ್ಲದೆ, ಹೆಡ್‌ಫೋನ್ ಹಾಕಿ ಬಿಟ್ಟಾಗ 30 ಗಂಟೆಯ ಹತ್ತಿರ ಹಾಡಿತು. ಹೊಸದರಲ್ಲಿ ಕಂಪನಿ ಹೇಳಿದ್ದು 40. ಬೇರೆಯವರು ಮಾಡಿದ ಬ್ಯಾಟರಿಗೆ ಇಷ್ಟು ಬಂದರೆ ನನ್ನ ದೂರಿಲ್ಲ.

ಹೋಮ್ ಬಟನ್ ಮಾತ್ರ ಜೋರಾಗಿ ಒತ್ತಿದರಷ್ಟೇ ಕೇಳುತ್ತದೆ. ಅದಕ್ಕಾಗಿ ಮತ್ತೆ ಬೋರ್ಡ್ ಎತ್ತುವ ಮನಸ್ಸಿಲ್ಲ. ಆಕ್ಸೆಸಿಬಿಲಿಟಿಯಲ್ಲಿ ಅಸಿಸ್ಟಿವ್‌ಟಚ್ ಆನ್ ಮಾಡಿ, ಸ್ಕ್ರೀನಿನ ಮೂಲೆಯಲ್ಲಿ ತೇಲುವ ಗುಂಡಿ ಇಟ್ಟುಕೊಂಡಿದ್ದೇನೆ. ಹಳೇ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಹೊರಗೆ ಇಟ್ಟಿದ್ದೇನೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವಾಗ ಊದಿದ್ದು ಅಂತ ಮೊದಲೇ ಹೇಳಬೇಕು, ಬೇರೆಯದರ ಜೊತೆ ಚೀಲದಲ್ಲಿ ಹಾಕಿಬಿಟ್ಟಾರು.